ಉಳುಕಿದ ಕಾಲು ನೇರ ನಿಮ್ಮ ಬಳಿ ಬಂದರೆ: ಅಕ್ಯುಪಂಕ್ಚರ್ ಮಾಡುವವರು ಯಾವ ಕೋರ್ಸ್ ಸೇರಬೇಕು?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಅಕ್ಯುಪಂಕ್ಚರ್ ಚಿಕಿತ್ಸೆ ಕೊಡುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಹಳೆಯ ಸೊಂಟನೋವು, ತಲೆನೋವಿನವರು. ಈಚೆಗೆ ಆಟ ಆಡುವಾಗ ಕಾಲು ಉಳುಕಿಸಿಕೊಂಡವರು, ಬಿದ್ದು ಮೊಣಕಾಲು ಊದಿಸಿಕೊಂಡವರು ಬೇರೆಲ್ಲೂ ತೋರಿಸದೆ ನೇರವಾಗಿ ನನ್ನ ಬಳಿ ಬರುತ್ತಿದ್ದಾರೆ. ನೋಂದಣಿ ನವೀಕರಿಸಲು ಮುಂದುವರಿದ ಶಿಕ್ಷಣದ ಗಂಟೆಗಳೂ ಬೇಕು. ತುರ್ತು ಸ್ಥಿತಿಗಳ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಇದೆ, ಕೀಲುಗಾಯಗಳ ಬಗ್ಗೆ ಒಂದು ವಾರಾಂತ್ಯದ ಕೋರ್ಸ್ ಇದೆ. ಯಾವುದಕ್ಕೆ ಸೇರಲಿ? ಸೇರಿದ ಮೇಲೆ ಏನನ್ನು ಕಲಿತುಕೊಂಡು ಬರಬೇಕು?

ಉತ್ತರ: ಒಂದೇ ಮಾಡಲು ಆಗುವುದಾದರೆ ಕೀಲುಗಾಯದ ಕೋರ್ಸನ್ನೇ ಮಾಡಿ. ಆದರೆ ಒಂದು ಷರತ್ತು. ಅದರ ಅರ್ಧ ಸಮಯವಾದರೂ ಕೈಯಿಟ್ಟು ಪರೀಕ್ಷೆ ಮಾಡುವುದಕ್ಕೆ ಮೀಸಲಾಗಿರಬೇಕು. ಎರಡೂ ದಿನ ಯಾವ ಪಾಯಿಂಟಿಗೆ ಯಾವ ಸೂಜಿ ಅಂತಲೇ ಹೇಳಿಕೊಡುವ ಕೋರ್ಸಾದರೆ ಬಿಟ್ಟುಬಿಡಿ. ಪಾಯಿಂಟುಗಳು ನಿಮಗೆ ಈಗಾಗಲೇ ಗೊತ್ತು. ಗೊತ್ತಿಲ್ಲದ್ದು ಸೂಜಿಯನ್ನು ಯಾವಾಗ ಕೆಳಗಿಡಬೇಕು ಅನ್ನುವುದು. ಹಳೆಯ ನೋವಿನವರನ್ನೇ ನೋಡಿಕೊಂಡು ಬಂದವರಿಗೆ ಅದನ್ನು ಕಲಿಯುವ ಅಗತ್ಯ ಅಷ್ಟಾಗಿ ಬಂದಿರುವುದಿಲ್ಲ. ಅವರು ನಿಮ್ಮ ಬಳಿ ಬರುವಷ್ಟರಲ್ಲಿ ಎಕ್ಸ್‌ರೇ, ಎಂಆರ್‌ಐ, ನಾಲ್ಕು ಡಾಕ್ಟರು ಎಲ್ಲಾ ಮುಗಿದಿರುತ್ತದೆ. ಇವತ್ತು ಬೆಳಿಗ್ಗೆ ಬಿದ್ದು ಮಧ್ಯಾಹ್ನ ಬಂದವರ ವಿಷಯ ಹಾಗಲ್ಲ. ಅವರನ್ನು ಮೊದಲು ನೋಡುತ್ತಿರುವವರೇ ನೀವು.

ನಾನೂ ಇಂಥ ಕೋರ್ಸುಗಳಲ್ಲಿ ಪಾಠ ಮಾಡುವವನೇ. ಸ್ವಂತ ಸರಕನ್ನು ಹೊಗಳಿಕೊಂಡಂತೆ ಆಗಬಾರದು ಅಂತ ಯಾವ ಕೋರ್ಸಿನ ಹೆಸರನ್ನೂ ಹೇಳುವುದಿಲ್ಲ. ಒಳ್ಳೆಯ ಕೋರ್ಸಿನಲ್ಲಿ ಏನಿರಬೇಕು ಅಂತ ಹೇಳುತ್ತೇನೆ, ನೀವೇ ತಾಳೆ ಹಾಕಿ ನೋಡಿ.

ಮೊದಲು 'ತುರ್ತು' ಅನ್ನುವುದನ್ನು ಸರಿಯಾಗಿ ಇಟ್ಟುಕೊಳ್ಳೋಣ. ಅಕ್ಯುಪಂಕ್ಚರ್ ತರಬೇತಿ ಮತ್ತು ಸುರಕ್ಷತೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಒಂದು ಮಾರ್ಗಸೂಚಿ ಹೊರತಂದಿತು. ಅಕ್ಯುಪಂಕ್ಚರ್ ಮಾಡಬಾರದ ಸಂದರ್ಭಗಳ ಸಾಲಿನಲ್ಲಿ ಅದು ತುರ್ತು ಸ್ಥಿತಿಗಳನ್ನೂ, ಶಸ್ತ್ರಚಿಕಿತ್ಸೆ ಬೇಕಾದ ಸ್ಥಿತಿಗಳನ್ನೂ ಇಟ್ಟಿದೆ. ರಕ್ತಸ್ರಾವದ ಕಾಯಿಲೆಗಳೂ ಅದೇ ಸಾಲಿನಲ್ಲಿವೆ. ಅಂದಮೇಲೆ ತುರ್ತು ಸ್ಥಿತಿಗಳ ಕೋರ್ಸ್ ಅಂದರೆ ಅಂಥವನ್ನು ಸೂಜಿಯಿಂದ ವಾಸಿಮಾಡುವ ಕೋರ್ಸ್ ಅಲ್ಲ. ಹಾಗಂತ ಜಾಹೀರಾತು ಮಾಡಿದ್ದರೆ ಅತ್ತ ಕಡೆ ತಲೆ ಹಾಕಬೇಡಿ. ತನ್ನ ಕಾಲ ಮೇಲೆ ತಾನೇ ನಡೆದು ಬಂದು, 'ಸ್ವಲ್ಪ ಭುಜ ಹಿಡಿದುಕೊಂಡಿದೆ' ಅನ್ನುವವನೊಳಗೆ ಅಡಗಿರುವ ಅಪಾಯವನ್ನು ಗುರುತಿಸುವುದನ್ನು ಅದು ಕಲಿಸಬೇಕು.

ಭುಜವನ್ನೇ ತೆಗೆದುಕೊಳ್ಳಿ. ಎಡಭುಜ, ದವಡೆ, ಬೆನ್ನಿನ ಮೇಲ್ಭಾಗದ ನೋವು ಹೃದಯಾಘಾತದ್ದಿರಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಎದ್ದುಕಾಣದೆಯೇ ಹೀಗೆ ಆಗುವುದುಂಟು. ಬಲಭುಜದ ನೋವು ಪಿತ್ತಕೋಶದಿಂದ ಬಂದಿರಬಹುದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಹೊಟ್ಟೆನೋವಿನ ಜೊತೆ ಭುಜದ ತುದಿಯೂ ನೋಯುತ್ತಿದ್ದರೆ, ಗರ್ಭನಾಳದಲ್ಲಿ ನಿಂತ ಗರ್ಭ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಇವನ್ನೆಲ್ಲ ಬೇರ್ಪಡಿಸಲು ಮೊದಲ ಹೆಜ್ಜೆಗೆ ದೊಡ್ಡ ಯಂತ್ರವೇನೂ ಬೇಡ. ತೋಳನ್ನು ನೀವು ಎತ್ತಿ ತಿರುಗಿಸಿದಾಗ ನೋವು ಜಾಸ್ತಿ ಆಗುತ್ತದೋ ಇಲ್ಲವೋ ನೋಡಿ. ಕೀಲಿನದೋ ಸ್ನಾಯುವಿನದೋ ನೋವಾದರೆ ಸಾಮಾನ್ಯವಾಗಿ ಯಾವುದೋ ಒಂದು ಚಲನೆಗೆ ಅದು ಕೆರಳುತ್ತದೆ. ಯಾವ ಕಡೆ ತಿರುಗಿಸಿದರೂ ನೋವು ಇದ್ದಹಾಗೇ ಇದ್ದರೆ, ಮೆಟ್ಟಿಲು ಹತ್ತಿದಾಗ ಮಾತ್ರ ಬರುತ್ತಿದ್ದರೆ, ಜೊತೆಗೆ ಬೆವರು, ವಾಕರಿಕೆ, ಉಸಿರಾಟದ ತೊಂದರೆ ಇದ್ದರೆ ಅದು ಭುಜದ ಕೇಸ್ ಅಲ್ಲ. ಆದರೆ ಒತ್ತಿದಾಗ ನೋಯಿತು ಅನ್ನುವ ಒಂದೇ ಕಾರಣಕ್ಕೆ ಹೃದಯದ್ದಲ್ಲ ಅಂತ ತೀರ್ಮಾನಿಸುವ ಹಾಗೂ ಇಲ್ಲ. ಅನುಮಾನ ಇದ್ದರೆ ಆಂಬುಲೆನ್ಸ್ ಕರೆಯಿರಿ.

ಸೊಂಟದ್ದೂ ಹಾಗೇ. ಎರಡೂ ಕಾಲಿಗೆ ಹರಡುವ ನೋವು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವಿಕೆ, ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಇವುಗಳಲ್ಲಿ ಯಾವುದು ಹೊಸದಾಗಿ ಶುರುವಾಗಿದ್ದರೂ ಅದು ಕಾಡಾ ಇಕ್ವೈನಾ ಇರಬಹುದು. ಬೆನ್ನುಹುರಿಯ ತುದಿಯ ನರಗಳ ಗೊಂಚಲು ಒತ್ತಿಹೋಗಿರುವ ಸ್ಥಿತಿ ಅದು. ಅವತ್ತೇ ಎಂಆರ್‌ಐ ಆಗಬೇಕು. ಈ ಪ್ರಶ್ನೆಗಳನ್ನು ಕೇಳಲು ಬಹಳ ಜನ ನಾಚಿಕೊಳ್ಳುತ್ತಾರೆ. 'ಸೈಕಲ್ ಸೀಟಿನ ಮೇಲೆ ಕೂರುವ ಜಾಗ ಜುಮ್ಮೆನ್ನುತ್ತಾ?' ಅಂತ ಕೇಳಿ, ಸಾಕು. ರೋಗಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಕೀಲಿಗೆ ಬರೋಣ. ಇಲ್ಲಿ ಅಕ್ಯುಪಂಕ್ಚರ್ ಕಲಿತವರಿಗೆ ಒಂದು ಅನುಕೂಲವಿದೆ, ಅದರ ಬೆನ್ನಿಗೇ ಒಂದು ಅಪಾಯವೂ ಇದೆ. ಅನುಕೂಲ ಏನೆಂದರೆ ನಿಮ್ಮ ಬೆರಳಿಗೆ ಮೈಯ ಮೇಲಿನ ಜಾಗಗಳು ಗೊತ್ತು. ಒತ್ತಿ ನೋವು ಹುಡುಕುವುದು ನಿಮ್ಮ ದಿನನಿತ್ಯದ ಕೆಲಸ. ಅಪಾಯ ಏನೆಂದರೆ ಒತ್ತಿದಾಗ ನೋವು ಸಿಕ್ಕ ಕೂಡಲೇ ಅದನ್ನು 'ಆಶಿ ಪಾಯಿಂಟ್' (ಒತ್ತಿದಾಗ ನೋಯುವ ಜಾಗವೇ ಸೂಜಿ ಹಾಕುವ ಪಾಯಿಂಟ್) ಅಂದುಕೊಂಡು ಸೂಜಿ ತೆಗೆಯುವ ಅಭ್ಯಾಸ. ಹಳೆಯ ನೋವಿನಲ್ಲಿ ಅದು ನಡೆಯುತ್ತದೆ. ಹೊಸ ಪೆಟ್ಟಿನಲ್ಲಿ ಮೂಳೆಯ ಮೇಲೆ ಸಿಗುವ ನೋವು ಮುರಿತದ ಸೂಚನೆ ಆಗಿರಬಹುದು.

ಮಣಿಕಟ್ಟಿನ ಎಲ್‌ಐ 5 ಅನ್ನುವ ಪಾಯಿಂಟ್ ನೋಡಿ (ಮುಂದೆ ಬರುವ ಜಿಬಿ, ಬಿಎಲ್, ಎಸ್‌ಟಿ ಮುಂತಾದ ಅಕ್ಷರ-ಅಂಕಿಗಳೂ ಇಂಥ ಪಾಯಿಂಟುಗಳ ಹೆಸರೇ). ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದಾಗ ಬುಡದಲ್ಲಿ ಎರಡು ಹಗ್ಗಗಳ ನಡುವೆ ಒಂದು ಗುಳಿ ಬೀಳುತ್ತದಲ್ಲ, ಅಲ್ಲೇ ಆ ಪಾಯಿಂಟ್. ಆ ಗುಳಿಯ ತಳದಲ್ಲಿ ಇರುವುದು ಸ್ಕಾಫಾಯ್ಡ್ ಅನ್ನುವ ಪುಟ್ಟ ಮೂಳೆ. ಬೀಳುವಾಗ ಕೈ ಊರಿದವರಲ್ಲಿ ಮುರಿಯುವ ಮೂಳೆಗಳಲ್ಲಿ ಇದು ಮುಖ್ಯವಾದದ್ದು. ಇದಕ್ಕೆ ರಕ್ತ ಹೆಚ್ಚಾಗಿ ಬರುವುದು ಬೆರಳ ಕಡೆಯ ತುದಿಯಿಂದ. ನಡುವೆ ಮುರಿದರೆ ಮೊಣಕೈ ಕಡೆಯ ಅರ್ಧಕ್ಕೆ ರಕ್ತ ಕಡಿಮೆಯಾಗಿ ಮೂಳೆ ಸಾಯಬಹುದು. ಊತ ಅಂಥದ್ದೇನೂ ಇರುವುದಿಲ್ಲ, ಕೈ ಅಲ್ಪಸ್ವಲ್ಪ ಆಡುತ್ತದೆ. ಎಲ್ಲರೂ ಉಳುಕು ಅಂದುಕೊಳ್ಳುತ್ತಾರೆ. ಕೈ ಊರಿ ಬಿದ್ದವನಿಗೆ ಎಲ್‌ಐ 5 ಒತ್ತಿದಾಗ ನೋವಾದರೆ, ಅಲ್ಲಿಗೆ ಸೂಜಿ ಹಾಕಬೇಡಿ. ಎಕ್ಸ್‌ರೇಗೆ ಕಳಿಸಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಅದಕ್ಕೇ ಮೂಳೆ ಡಾಕ್ಟರು ಅನುಮಾನ ಇದ್ದರೆ ಪಟ್ಟಿ ಹಾಕಿಟ್ಟು ಎರಡು ವಾರದ ಹೊತ್ತಿಗೆ ಮತ್ತೆ ತೆಗೆಸುತ್ತಾರೆ, ಇಲ್ಲವೇ ನೇರವಾಗಿ ಎಂಆರ್‌ಐ ಮಾಡಿಸುತ್ತಾರೆ. 'ಎಕ್ಸ್‌ರೇ ಸರಿಯಾಗಿದೆಯಂತೆ, ನೀವು ಸೂಜಿ ಹಾಕಿ' ಅಂತ ಮಾರನೇ ದಿನ ಬಂದವರ ಮಾತಿಗೂ ಬಗ್ಗಬೇಡಿ.

ಪಾದದ ಕೀಲಿಗೆ ಇದಕ್ಕಿಂತ ಚೊಕ್ಕಟವಾದ ದಾರಿ ಇದೆ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ತಂಡ 1992ರಲ್ಲಿ ಪ್ರಕಟಿಸಿದ ನಿಯಮಗಳು ಅವು. ಒಟ್ಟಾವಾ ಪಾದದ ನಿಯಮಗಳು ಅಂತಲೇ ಹೆಸರು. ಉಳುಕಿದ ಪ್ರತಿಯೊಬ್ಬರಿಗೂ ಎಕ್ಸ್‌ರೇ ಬೇಡ, ಯಾರಿಗೆ ಬೇಕು ಅಂತ ಬೆರಳಿನಿಂದಲೇ ಹೇಳಬಹುದು ಅನ್ನುವುದು ಅದರ ಸಾರ. ನಿಮ್ಮ ಪಾಯಿಂಟ್ ಚಾರ್ಟಿನ ಮೇಲೆ ಅದನ್ನು ಇಟ್ಟು ನೋಡಿದರೆ ಮರೆಯುವುದೇ ಇಲ್ಲ.

ಜಿಬಿ 39 ಗೊತ್ತಲ್ಲ? ಹೊರಗಿನ ಗಂಟಿನಿಂದ ನಾಲ್ಕು ಬೆರಳು ಮೇಲೆ. ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಶುರುಮಾಡಿ, ಗಂಟಿನ ತುದಿಯವರೆಗೆ ಮೂಳೆಯ ಹಿಂದಿನ ಅಂಚನ್ನು ಒತ್ತುತ್ತಾ ಬನ್ನಿ. ನಿಯಮ ಹೇಳುವುದು ಕೊನೆಯ 6 ಸೆಂ.ಮೀ. ಒಳಗಿನ ಗಂಟಿನಲ್ಲೂ ಹಾಗೆಯೇ ಮಾಡಿ. ಹೊರಗಿನ ಗಂಟಿನ ಹಿಂದಿರುವ ಬಿಎಲ್ 60ಕ್ಕೆ ಬೆರಳಿಟ್ಟು ಮುಂದಕ್ಕೆ ಒತ್ತಿದರೆ ಹೊರಬದಿಯ ಆ ಅಂಚೇ ಸಿಗುತ್ತದೆ. ಆಮೇಲೆ ಪಾದದ ಹೊರ ಅಂಚಿನಲ್ಲಿ ನಡುವೆ ಉಬ್ಬಿರುವ ಮೂಳೆ, ಅಂದರೆ ಐದನೇ ಮೆಟಟಾರ್ಸಲ್‌ನ ಬುಡ. ಬಿಎಲ್ 64 ಇರುವುದು ಅದರ ಕೆಳಗೇ. ಪಾದದ ಒಳಬದಿಯಲ್ಲಿ ನೇವಿಕ್ಯುಲರ್ ಮೂಳೆ, ಅದರ ಉಬ್ಬಿನ ಕೆಳಗೆ ಕೆಐ 2. ಈ ನಾಲ್ಕು ಕಡೆ ಮೂಳೆಯ ಮೇಲೆಯೇ ಒತ್ತಿದಾಗ ಎಲ್ಲಾದರೂ ನೋವಿದ್ದರೆ ಎಕ್ಸ್‌ರೇ. ಇನ್ನೊಂದು ಪರೀಕ್ಷೆ ನಡಿಗೆ. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗಿರಲಿಲ್ಲ, ಈಗ ನಿಮ್ಮ ಎದುರೂ ಆಗುತ್ತಿಲ್ಲ ಅಂದರೆ ಆಗಲೂ ಎಕ್ಸ್‌ರೇ. ಕುಂಟಿಕೊಂಡು ನಡೆದರೂ ಅದು ಹೆಜ್ಜೆಯೇ.

ಇವೊಂದೂ ಇಲ್ಲದೆ, ಗಂಟಿನ ಮುಂದೆ ಸ್ವಲ್ಪ ಕೆಳಗೆ, ಜಿಬಿ 40ರ ಮೆತ್ತನೆಯ ಗುಳಿಯಲ್ಲಿ ಮಾತ್ರ ನೋವಿದ್ದರೆ ಅದು ಹೆಚ್ಚಾಗಿ ಲಿಗಮೆಂಟಿನದು, ಅಂದರೆ ಮೂಳೆಗಳನ್ನು ಜೋಡಿಸುವ ಪಟ್ಟಿಯದು. ಆ ರೋಗಿ ನಿಮ್ಮವನು. ಇಪ್ಪತ್ತೇಳು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2003ರ ಒಂದು ವಿಮರ್ಶೆಯಲ್ಲಿ, ಈ ನಿಯಮಗಳ ಪ್ರಕಾರ ಎಕ್ಸ್‌ರೇ ಬೇಡ ಅನ್ನಿಸಿಕೊಂಡವರಲ್ಲಿ ಮುರಿತ ಇದ್ದವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಬೆರಳಿನ ಪರೀಕ್ಷೆಗೆ ಇದು ಸಣ್ಣ ಮಾತಲ್ಲ. ಆದರೆ ಕುಡಿದು ಬಂದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ, ಮೈತುಂಬ ಪೆಟ್ಟು ಬಿದ್ದವರಿಗೆ ಇದನ್ನು ನಂಬಬೇಡಿ. ಅವರಿಗೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಮಕ್ಕಳಲ್ಲೂ ಹುಷಾರು. ಬೆಳೆಯುವ ಮೂಳೆಯ ತುದಿಗೆ ಪೆಟ್ಟಾದರೆ ಅದು ಉಳುಕಿನ ಹಾಗೆಯೇ ಕಾಣುತ್ತದೆ.

ಮೊಣಕಾಲಿಗೂ ಇಂಥದ್ದೇ ನಿಯಮಗಳಿವೆ, ಅದೇ ತಂಡದ್ದು. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮಂಡಿಚಿಪ್ಪಿನ ಮೇಲೆ ಮಾತ್ರ ನೋವಿದ್ದರೆ, ಜಿಬಿ 34ರ ಪಕ್ಕದ ಫಿಬ್ಯುಲಾ ತಲೆ (ಮಂಡಿಯ ಕೆಳಗೆ ಹೊರಬದಿಯಲ್ಲಿ ಉಬ್ಬಿದ ಮೂಳೆ) ಒತ್ತಿದಾಗ ನೋವಿದ್ದರೆ, 90 ಡಿಗ್ರಿ ಮಡಚಲು ಆಗದಿದ್ದರೆ, ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ. ಮುರಿತ ಇಲ್ಲ ಅಂದಮೇಲೂ ಒಂದು ಪ್ರಶ್ನೆ ಕೇಳಲೇಬೇಕು: ಊತ ಯಾವಾಗ ಬಂತು? ಒಂದೆರಡು ಗಂಟೆಯಲ್ಲೇ ಮಂಡಿ ಬುರ್ರನೆ ಊದಿದ್ದರೆ ಒಳಗೆ ರಕ್ತ ತುಂಬಿದೆ. 'ಟಪ್ ಅಂತ ಸದ್ದಾಯಿತು, ಆಮೇಲೆ ಕಾಲು ಜಾರಿದ ಹಾಗೆ ಆಗುತ್ತೆ' ಅಂದರೆ ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್) ಹರಿದಿರುವ ಸಾಧ್ಯತೆ ಜೋರಾಗಿದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಊದಿದ್ದರೆ ಅದು ಮೆನಿಸ್ಕಸ್ (ಮಂಡಿಯೊಳಗಿನ ಮೃದ್ವಸ್ಥಿಯ ಮೆತ್ತೆ) ಗಾಯ ಅಥವಾ ಸಾಮಾನ್ಯ ಕೆರಳಿಕೆಯ ನೀರು ಇರಬಹುದು. ಮಂಡಿ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ನೆಟ್ಟಗಾಗುತ್ತಿಲ್ಲ ಅಂದರೆ ಎಳೆದು ಸರಿಮಾಡಲು ಹೋಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ಮಂಡಿ ಊದಿದ್ದರೆ ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ.

ಹದಿಹರೆಯದ ಹುಡುಗ ಮಂಡಿನೋವು ಅಂತ ಬಂದು, ಮಂಡಿಯಲ್ಲಿ ಏನೂ ಸಿಗದಿದ್ದರೆ ಸೊಂಟದ ಕೀಲನ್ನು ತಿರುಗಿಸಿ ನೋಡಿ. ತೊಡೆಮೂಳೆಯ ತಲೆ ಜಾರಿದ ಮಕ್ಕಳು ಎಷ್ಟೋ ಸಲ ತೋರಿಸುವುದು ಮಂಡಿಯನ್ನೇ.

ಪೆಟ್ಟೇ ಬೀಳದೆ ಊದಿದ ಕೀಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೀಲುಗಾಯದ ಕೋರ್ಸುಗಳಲ್ಲಿ ಇದನ್ನು ಹೆಚ್ಚಾಗಿ ಹಾರಿಸಿಬಿಡುತ್ತಾರೆ, ಯಾಕೆಂದರೆ ಇದು ಗಾಯವಲ್ಲ. ಒಂದೇ ಒಂದು ಕೀಲು, ಒಂದೆರಡು ದಿನದಲ್ಲಿ ಊದಿ, ಮುಟ್ಟಿದರೆ ಸುಡುವಷ್ಟು ಬಿಸಿ, ಯಾವ ಕಡೆಗೂ ಆಡಿಸಲು ಬಿಡುತ್ತಿಲ್ಲ ಅಂದರೆ ಕೀಲಿನೊಳಗೆ ಸೋಂಕು ಅಂತಲೇ ತಿಳಿದು ನಡೆಯಬೇಕು. ಜ್ವರ ಇಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಇಂಥವರಲ್ಲಿ ಬಹಳ ಜನಕ್ಕೆ ಜ್ವರವೇ ಇರುವುದಿಲ್ಲ. ಕೀವಿನಿಂದ ಕೀಲಿನ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಕರಗಿಹೋಗಬಹುದು. ಗೌಟ್ (ಯೂರಿಕ್ ಆಮ್ಲದ ಹರಳುಗಳಿಂದ ಕೀಲು ಊದುವ ಕಾಯಿಲೆ) ಕೂಡ ಹೀಗೇ ಕಾಣುತ್ತದೆ, ಹೌದು. ಎರಡನ್ನೂ ಬೇರ್ಪಡಿಸಲು ಕೀಲಿನ ನೀರು ತೆಗೆದು ನೋಡಬೇಕು, ಅದು ನಿಮ್ಮ ಕೋಣೆಯಲ್ಲಿ ಆಗುವ ಕೆಲಸವಲ್ಲ. 'ಹಿಂದೆಯೂ ಗೌಟ್ ಬಂದಿತ್ತು' ಅನ್ನುವ ರೋಗಿಗೂ ಸೋಂಕು ಬರಬಹುದು. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಕೃತಕ ಕೀಲು, ಈಚೆಗೆ ಕೀಲಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ಇವುಗಳಲ್ಲಿ ಯಾವುದಿದ್ದರೂ ಅನುಮಾನ ಹೆಚ್ಚಬೇಕು.

ಇದೇ ಕಾರಣಕ್ಕೆ, ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಲ್ಲಿರುವ ಎಸ್‌ಟಿ 35 ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಆ ಪಾಯಿಂಟಿನಲ್ಲಿ ಆಳಕ್ಕೆ ಹೋದರೆ ಸೂಜಿ ಕೀಲಿನ ಒಳಗೇ ಇಳಿಯುತ್ತದೆ. ಒಂದೇ ಸಲ ಬಳಸುವ ಶುದ್ಧ ಸೂಜಿ, ಶುದ್ಧ ಚರ್ಮ, ಮತ್ತು ಮೇಲ್ಮೇಲೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಅಲ್ಲಿಗೆ ಹೋಗಲೇ ಬೇಡಿ. ದೂರದ ಪಾಯಿಂಟುಗಳಿವೆಯಲ್ಲ.

ಮೀನಖಂಡ ಹಿಡಿದುಕೊಂಡಿದೆ ಅಂತ ಬರುವವರು ಇನ್ನೊಂದು ಗುಂಪು. ಟೇಪು ಇಟ್ಟುಕೊಂಡಿರಿ. ಮಂಡಿಯ ಕೆಳಗೆ ಮುಂಭಾಗದಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆಯಿರಿ. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಿವಿಟಿ, ಅಂದರೆ ಆಳದ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಈಚೆಗೆ ಆಪರೇಷನ್ ಆಗಿದೆಯಾ, ಕಾಲಿಗೆ ಪ್ಲಾಸ್ಟರ್ ಹಾಕಿದ್ದರಾ, ಹಾಸಿಗೆ ಹಿಡಿದಿದ್ದರಾ, ಕ್ಯಾನ್ಸರ್ ಇದೆಯಾ ಅಂತಲೂ ಕೇಳಿ. ಅಂಥ ಕಾಲನ್ನು ತಿಕ್ಕುವುದು, ಕಪ್ಪಿಂಗ್ ಮಾಡುವುದು ಎರಡೂ ಬೇಡ. ಓಡುವಾಗ 'ಹಿಂದಿನಿಂದ ಯಾರೋ ಒದ್ದ ಹಾಗಾಯಿತು' ಅಂದವರನ್ನು ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಬಿಟ್ಟು, ಮೀನಖಂಡವನ್ನು ಹಿಂಡಿ. ಪಾದ ಕೆಳಗೆ ಚಾಚಬೇಕು. ಅಲ್ಲಾಡದಿದ್ದರೆ ಅಕಿಲಿಸ್ ಸ್ನಾಯುರಜ್ಜು ಹರಿದಿದೆ. ಹರಿದವರೂ ನಡೆಯುತ್ತಾರೆ, ಅದರಿಂದ ಮೋಸ ಹೋಗಬೇಡಿ. ಇನ್ನು ಪೆಟ್ಟಿಗೆ ಹೊಂದದಷ್ಟು ವಿಪರೀತ ನೋವು, ಕಲ್ಲಿನಂತೆ ಬಿಗಿದ ಮಾಂಸಖಂಡ, ಬೆರಳು ಹಿಂದಕ್ಕೆ ಎಳೆದರೆ ಚೀರುವಂತಾಗುವುದು, ಇವು ಕಂಪಾರ್ಟ್‌ಮೆಂಟ್ ಸಿಂಡ್ರೋಮಿನ ಲಕ್ಷಣ, ಅಂದರೆ ಮಾಂಸಖಂಡದೊಳಗೆ ಒತ್ತಡ ಏರಿ ರಕ್ತ ಹರಿಯದಂತಾಗುವ ಸ್ಥಿತಿ. ಅದಕ್ಕೆ ಇರುವುದು ಗಂಟೆಗಳ ಲೆಕ್ಕ. ಕ್ಯೂ ಇರುವ ಕ್ಲಿನಿಕ್ಕಿಗಲ್ಲ, ನೇರ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಕಳಿಸಿ.

ಇಲ್ಲಿಯವರೆಗೆ ಹೇಳಿದ್ದು ರೋಗಿ ಹೊತ್ತು ತಂದ ತುರ್ತು. ನಮ್ಮ ಸೂಜಿಯೇ ತರುವ ತುರ್ತು ಬೇರೆ ಇದೆ. ಕೋರ್ಸಿನಲ್ಲಿ ಅದೂ ಇರಬೇಕು. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 8.6 ಜನ ಏನಾದರೂ ಒಂದು ತೊಂದರೆ ಆಗಿತ್ತು ಅಂದರು. ಹೆಚ್ಚಿನವು ರಕ್ತ ಜಿನುಗಿದ್ದು, ಕಪ್ಪುಗಟ್ಟಿದ್ದು, ನೋವು, ಇಷ್ಟೇ. ಶ್ವಾಸಕೋಶಕ್ಕೆ ತೂತಾದವರು ಇಬ್ಬರು. ಅಷ್ಟು ದೊಡ್ಡ ಗುಂಪಿನಲ್ಲಿ ಇಬ್ಬರು ಅಂದರೆ ಕಡಿಮೆಯೇ. ಆದರೆ ಆ ಇಬ್ಬರಿಗೂ ಅದು ಆಗಬೇಕಾಗಿರಲಿಲ್ಲ, ಅಲ್ವಾ?

ಭುಜದ ಗಾಯಕ್ಕೆ ಬಂದವರಿಗೆ ಎಲ್ಲರ ಕೈಯೂ ಮೊದಲು ಹೋಗುವುದು ಹೆಗಲ ಮೇಲಿನ ಜಿಬಿ 21ಕ್ಕೆ. ಅದರ ನೇರ ಕೆಳಗೆ ಶ್ವಾಸಕೋಶದ ತುದಿ ಇದೆ. ಬೆನ್ನಿನಲ್ಲಿ ಹೆಗಲ ಮೂಳೆಯ ಒಳ ಅಂಚಿನ ಬಳಿ, ಎದೆಯಲ್ಲಿ ಕೊರಳೆಲುಬಿನ ನಡುವಿನಿಂದ ಕೆಳಗೆ ಎಳೆದ ಗೆರೆಯ ಮೇಲೆ, ಚರ್ಮದಿಂದ 10ರಿಂದ 20 ಮಿ.ಮೀ. ಆಳದಲ್ಲೇ ಶ್ವಾಸಕೋಶದ ಮೇಲ್ಪದರ ಸಿಗಬಹುದು. ಸಾಮಾನ್ಯವಾಗಿ ಬಳಸುವ ಸೂಜಿಯ ಉದ್ದ 25ರಿಂದ 40 ಮಿ.ಮೀ. ಲೆಕ್ಕ ನೀವೇ ಹಾಕಿ. ತೆಳ್ಳಗಿರುವವರಲ್ಲಿ ಇನ್ನೂ ಹತ್ತಿರ. ಮಾಂಸವನ್ನು ಚಿವುಟಿ ಮೇಲೆತ್ತಿ, ಓರೆಯಾಗಿ, ಮೇಲ್ಮೇಲೆ ಹಾಕುವುದನ್ನು ಕೋರ್ಸಿನಲ್ಲಿ ನಿಮ್ಮ ಕೈಯಿಂದಲೇ ಮಾಡಿಸಬೇಕು. ಎದೆಮೂಳೆಯ ಮೇಲಿನ ಸಿವಿ 17ಕ್ಕೂ ಇದೇ ಮಾತು. ಕೆಲವರಿಗೆ ಹುಟ್ಟಿನಿಂದಲೇ ಆ ಮೂಳೆಯಲ್ಲಿ ಒಂದು ತೂತಿರುತ್ತದೆ, ಅದರ ಹಿಂದೆ ಹೃದಯ. ಹೊರಗಿನಿಂದ ಬೆರಳಿಗೆ ಗೊತ್ತಾಗುವುದಿಲ್ಲ. ಅಲ್ಲಿ ಚರ್ಮದಡಿ ಅಡ್ಡಡ್ಡ ಹಾಕುವುದೇ ಸರಿ.

ಶ್ವಾಸಕೋಶಕ್ಕೆ ತಾಗಿದ್ದು ಆ ಕ್ಷಣಕ್ಕೇ ಗೊತ್ತಾಗಬೇಕು ಅಂತಿಲ್ಲ. ಗಂಟೆಗಳ ನಂತರ, ಕೆಲವೊಮ್ಮೆ ಮಾರನೇ ದಿನ, ಒಂದು ಬದಿ ಚುಚ್ಚುವ ಎದೆನೋವು, ಒಣಕೆಮ್ಮು, ಏದುಸಿರು ಶುರುವಾಗಬಹುದು. ಆ ಜಾಗಗಳಲ್ಲಿ ಸೂಜಿ ಹಾಕಿದ ದಿನ ರೋಗಿಗೆ ಇದನ್ನು ಬಾಯಿಬಿಟ್ಟು ಹೇಳಿ ಕಳಿಸಿ. ಹೆದರುತ್ತಾರೆ ಅಂತ ಸುಮ್ನೆ ಇದ್ದರೆ, ಅವರು ಅದನ್ನು 'ಸೂಜಿಯ ನೋವು' ಅಂದುಕೊಂಡು ಮನೆಯಲ್ಲೇ ಮಲಗಿರುತ್ತಾರೆ.

ಸೂಜಿ ಹಾಕಿದಾಗ ತಲೆಸುತ್ತಿ ಬೀಳುವುದು ನಿಮಗೆ ಹೊಸದೇನಲ್ಲ. ಹಸಿದು ಬಂದವರು, ಮೊದಲ ಸಲದವರು, ಕೂತುಕೊಂಡೇ ಸೂಜಿ ಹಾಕಿಸಿಕೊಂಡವರು. ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಾರೆ. ಅಷ್ಟರಲ್ಲಿ ನಾಡಿ ಹಿಡಿದು ನೋಡಿ. ನಾಡಿಯ ಗುಣಗಳನ್ನು ಅಷ್ಟೊಂದು ಕಲಿತಿರುವ ನಾವು ಇಂಥ ಹೊತ್ತಿನಲ್ಲಿ ಬರೀ ಎಣಿಸುವುದನ್ನೇ ಮರೆಯುತ್ತೇವೆ. ಸುಮ್ಮನೆ ತಲೆಸುತ್ತಿ ಬಿದ್ದವರ ನಾಡಿ ಸಾಮಾನ್ಯವಾಗಿ ನಿಧಾನ ಇರುತ್ತದೆ. ನಾಡಿ ವೇಗವಾಗಿದ್ದರೆ, ಎದೆನೋವೋ ಮೈಮೇಲೆ ದದ್ದೋ ಉಸಿರಿನ ತೊಂದರೆಯೋ ಇದ್ದರೆ, ಮಲಗಿಸಿದರೂ ಚೇತರಿಕೆ ಕಾಣದಿದ್ದರೆ ಮೂಗಿನ ಕೆಳಗಿನ ಡಿಯು 26 ಒತ್ತುತ್ತಾ ಕೂರಬೇಡಿ. ಸಹಾಯಕ್ಕೆ ಕರೆಯಿರಿ. ಉಸಿರಾಟ ನಿಂತಿದ್ದರೆ ಸಿಪಿಆರ್. ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಇದನ್ನು ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ. ಬೊಂಬೆಯ ಎದೆ ಒತ್ತಿಯೇ ಕಲಿಯಬೇಕು.

ಲಕ್ವದ ವಿಷಯಕ್ಕೆ ಒಂದು ಮಾತು. ಲಕ್ವ ಹೊಡೆದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಉಳಿಯುತ್ತಾರೆ ಅನ್ನುವ ಸಂದೇಶ ವರ್ಷಗಳಿಂದ ಫೋನಿನಿಂದ ಫೋನಿಗೆ ಓಡಾಡುತ್ತಿದೆ. ರೋಗಿಯ ಮನೆಯವರು ನಿಮಗೇ ಫೋನ್ ಮಾಡಿ ಕೇಳಬಹುದು, ಯಾಕೆಂದರೆ ಬೆರಳ ತುದಿಯ ಆ ಪಾಯಿಂಟುಗಳು ನಮ್ಮ ಶಾಸ್ತ್ರದಲ್ಲಿ ನಿಜವಾಗಿಯೂ ಇವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಮುಖ ಒಂದು ಕಡೆ ಜೋತಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ನಿಮ್ಮ ಉತ್ತರ ಒಂದೇ: ಆಸ್ಪತ್ರೆ. ಅಕ್ಯುಪಂಕ್ಚರ್ ಏನಿದ್ದರೂ ಆಮೇಲೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದವರಿಗೆ ನಾವು ಮಾಡಬಹುದಾದದ್ದು ಏನು? ಇಲ್ಲೂ ಕಣ್ಣು ತೆರೆದಿರಬೇಕು. ಹಳೆಯ ನೋವಿಗೆ ಅಕ್ಯುಪಂಕ್ಚರ್ ಪರವಾಗಿ ಇರುವ ಆಧಾರ ಹೊಸ ಗಾಯಕ್ಕೆ ಇಲ್ಲ. ಉಳುಕಿದ ಪಾದದ ಬಗ್ಗೆ ಇಪ್ಪತ್ತು ಅಧ್ಯಯನಗಳನ್ನು ನೋಡಿದ 2014ರ ಕೊಕ್ರೇನ್ ವಿಮರ್ಶೆ (ಚಿಕಿತ್ಸೆಗಳ ಆಧಾರಗಳನ್ನು ಒಟ್ಟುಗೂಡಿಸಿ ತೂಗುವ ಅಂತಾರಾಷ್ಟ್ರೀಯ ಸಂಸ್ಥೆಯದು), ಅವುಗಳ ಗುಣಮಟ್ಟ ತೀರ ಕಡಿಮೆ, ಗಟ್ಟಿಯಾಗಿ ಏನೂ ಹೇಳಲಾಗದು ಅಂದಿತು. ಮೆಲ್ಬರ್ನಿನ ನಾಲ್ಕು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಸೊಂಟನೋವು, ಮೈಗ್ರೇನ್, ಪಾದದ ಉಳುಕಿನ 528 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಇದಕ್ಕಿಂತ ಆಸಕ್ತಿಯದು. ಅಕ್ಯುಪಂಕ್ಚರ್ ಒಂದೇ, ಔಷಧಿ ಒಂದೇ, ಎರಡೂ ಸೇರಿ, ಹೀಗೆ ಮೂರು ಗುಂಪು. ಒಟ್ಟಾರೆ ಮೂರೂ ಹೆಚ್ಚುಕಡಿಮೆ ಸಮಸಮ. ಆದರೆ ಒಂದು ಗಂಟೆಯ ನಂತರ ಸಾಕಷ್ಟು ನೋವು ಇಳಿದವರು ಯಾವ ಗುಂಪಿನಲ್ಲೂ ನೂರಕ್ಕೆ 40 ದಾಟಲಿಲ್ಲ. ಅಂದರೆ ಔಷಧಿಯೂ ಅಷ್ಟಕ್ಕಷ್ಟೇ, ಸೂಜಿಯೂ ಅಷ್ಟಕ್ಕಷ್ಟೇ. ಗೆದ್ದೆವು ಅಂತ ಡಂಗುರ ಹೊಡೆಯುವ ಫಲಿತಾಂಶವೂ ಅಲ್ಲ, ಕೈಚೆಲ್ಲುವ ಫಲಿತಾಂಶವೂ ಅಲ್ಲ. ನೋವು ಸ್ವಲ್ಪ ಇಳಿಸಿ ರೋಗಿ ಬೇಗ ಕಾಲೂರಿ ಓಡಾಡುವಂತೆ ಮಾಡುವುದು ನಮ್ಮ ಗುರಿಯಾಗಲಿ. ಹರಿದ ಲಿಗಮೆಂಟನ್ನು ಸೂಜಿ ಹೊಲಿಯುವುದಿಲ್ಲ.

ನನ್ನ ರೂಢಿ ಹೀಗೆ. ಮೊದಲ ಎರಡು ಮೂರು ದಿನ ಊದಿದ ಜಾಗದೊಳಗೆ ಸೂಜಿ ಹಾಕುವುದಿಲ್ಲ. ಎದುರು ಬದಿಯ ಕೈಯಲ್ಲಿ, ಉಳುಕಿದ ಜಾಗಕ್ಕೆ ಹೊಂದುವ ಪಾಯಿಂಟುಗಳಿಗೆ ಹಾಕಿ, ರೋಗಿಯಿಂದಲೇ ಪಾದವನ್ನು ನಿಧಾನವಾಗಿ ಆಡಿಸುತ್ತೇನೆ. ಕಿವಿಯ ಪಾಯಿಂಟುಗಳೂ ಕೆಲಸಕ್ಕೆ ಬರುತ್ತವೆ. ಅಮೆರಿಕದ ವಾಯುಪಡೆಯ ವೈದ್ಯ ರಿಚರ್ಡ್ ನೀಮ್ಟ್ಸೋ 2001ರಲ್ಲಿ ರೂಪಿಸಿದ ಐದು ಕಿವಿ ಪಾಯಿಂಟುಗಳ ಪದ್ಧತಿಯನ್ನು ಈಗ ಬಹಳ ಕೋರ್ಸುಗಳಲ್ಲಿ ಕಲಿಸುತ್ತಾರೆ. ಕಲಿಯಲು ಸುಲಭ, ಗಾಯದ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಊತ ಇಳಿದ ಮೇಲೆ ಜಿಬಿ 40, ಎಸ್‌ಟಿ 41ರಂಥ ಹತ್ತಿರದ ಪಾಯಿಂಟುಗಳು. ಅದರ ಜೊತೆ ಒಂಟಿಕಾಲಿನಲ್ಲಿ ನಿಲ್ಲುವ ವ್ಯಾಯಾಮ ಕೊಡದಿದ್ದರೆ ಚಿಕಿತ್ಸೆ ಅರ್ಧವೇ ಆಯಿತು. ಒಂದು ಸಲ ಉಳುಕಿದ ಪಾದ ಮತ್ತೆ ಉಳುಕುವುದು ಹೆಚ್ಚಾಗಿ ಸಮತೋಲನ ಕೆಟ್ಟಿದ್ದರಿಂದ. ವಾರಗಟ್ಟಲೆ ಐಸ್ ಇಟ್ಟುಕೊಂಡು ಮಲಗಿರಿ ಅನ್ನುವ ಹಳೆಯ ಸಲಹೆ ಈಗ ಸಡಿಲಾಗಿದೆ. ವಿಶ್ರಾಂತಿ, ಐಸ್, ಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರಕ್ಕೆ 1978ರಲ್ಲಿ ಹೆಸರು ಕೊಟ್ಟ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಅಂತ ಮಾತು ಬದಲಿಸಿದರು. ನೋವು ಕಡಿಮೆ ಆಗಲಿ ಅಂತ ಸ್ವಲ್ಪ ಹೊತ್ತು ಇಟ್ಟರೆ ತಪ್ಪೇನಿಲ್ಲ.

ಇನ್ನು ಕೋರ್ಸ್ ಆರಿಸುವುದು. ದುಡ್ಡು ಕಟ್ಟುವ ಮೊದಲು ಆಯೋಜಕರಿಗೆ ಬರೆದು ಕೇಳಿ. ಪಾಠ ಮಾಡುವವರಲ್ಲಿ ಮೂಳೆ ಡಾಕ್ಟರೋ, ತುರ್ತು ವಿಭಾಗದವರೋ, ಫಿಸಿಯೋಥೆರಪಿಸ್ಟೋ ಒಬ್ಬರಾದರೂ ಇದ್ದಾರಾ? ಒಟ್ಟಾವಾ ನಿಯಮಗಳು, ಮೀನಖಂಡ ಹಿಂಡುವ ಪರೀಕ್ಷೆ, ಎಸಿಎಲ್ ಪರೀಕ್ಷೆ ಇವನ್ನೆಲ್ಲ ಒಬ್ಬರ ಮೇಲೊಬ್ಬರು ಮಾಡಿ ನೋಡಲು ಬಿಡುತ್ತಾರಾ? ಕೊನೆಯಲ್ಲಿ ಪರೀಕ್ಷೆ ಇದೆಯಾ, ಅಥವಾ ಕೂತೆದ್ದವರಿಗೆಲ್ಲ ಸರ್ಟಿಫಿಕೇಟಾ? ಆಸ್ಪತ್ರೆಗೆ ಕಳಿಸುವ ಚೀಟಿ ಬರೆಯುವುದನ್ನು ಹೇಳಿಕೊಡುತ್ತಾರಾ? ಇದನ್ನು ಚಿಲ್ಲರೆ ವಿಷಯ ಅಂದುಕೊಳ್ಳಬೇಡಿ. 'ಚೀ (ನಮ್ಮ ಶಾಸ್ತ್ರದಲ್ಲಿ ಹೇಳುವ ಜೀವಶಕ್ತಿ) ತಡೆದಿದೆ, ದಯವಿಟ್ಟು ನೋಡಿ' ಅಂತ ಬರೆದ ಚೀಟಿಯನ್ನು ತುರ್ತು ವಿಭಾಗದವರು ಪಕ್ಕಕ್ಕಿಡುತ್ತಾರೆ. 'ನಿನ್ನೆ ಸಂಜೆ ಪಾದ ಒಳಕ್ಕೆ ತಿರುಗಿದೆ, ಹೊರಗಂಟಿನ ಹಿಂದಿನ ಅಂಚಿನಲ್ಲಿ ಮೂಳೆ ನೋವು, ನಾಲ್ಕು ಹೆಜ್ಜೆ ಇಡಲಾಗುತ್ತಿಲ್ಲ, ಬೆರಳುಗಳ ಸ್ಪರ್ಶ ಸರಿಯಿದೆ, ಸೂಜಿ ಹಾಕಿಲ್ಲ' ಅಂತ ಬರೆದರೆ ಓದುತ್ತಾರೆ.

ಆನ್‌ಲೈನ್ ತುರ್ತು ಕೋರ್ಸನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಭುಜನೋವಿನ ಹಿಂದಿನ ಹೃದಯ, ಸೊಂಟನೋವಿನ ಹಿಂದಿನ ನರ, ಇಂಥವನ್ನು ಕೂತು ಓದಿಯೇ ಕಲಿಯಬಹುದು. ಮುಂದಿನ ಅವಧಿಗೆ ಅದನ್ನು ಇಟ್ಟುಕೊಳ್ಳಿ. ಗಂಟೆಗಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 50 ಗಂಟೆ ಕೇಳುತ್ತಾರೆ, ಕೆಲವು ಕಡೆ ಕೇಳುವುದೇ ಇಲ್ಲ. ಆನ್‌ಲೈನ್ ಗಂಟೆ ಎಷ್ಟು ಒಪ್ಪುತ್ತಾರೆ, ಸಿಪಿಆರ್ ತರಬೇತಿಯನ್ನು ಈ ಗಂಟೆಗಳಲ್ಲಿ ಸೇರಿಸುತ್ತಾರಾ ಅಥವಾ ಬೇರೆಯಾಗಿ ಕೇಳುತ್ತಾರಾ ಅನ್ನುವುದನ್ನು ನಿಮ್ಮ ನೋಂದಣಿ ಮಂಡಳಿಯಿಂದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆಯೋಜಕರ ಬಾಯಿಮಾತು ಸಾಲದು. ಸಿಪಿಆರ್ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ಎರಡು ವರ್ಷದ ಆಯಸ್ಸು. ನಿಮ್ಮದರ ದಿನಾಂಕ ಮುಗಿದಿದ್ದರೆ ಕೀಲುಗಾಯದ ಕೋರ್ಸಿಗಿಂತ ಮೊದಲು ಅದನ್ನು ಮುಗಿಸಿಕೊಳ್ಳಿ.